ಗಂಗಮ್ಮನ ನಡೆಮಡಿ

ಬೆಳಕು ಹರಿಯುವ ಹೊತ್ತಿಗೆ ಮುನಿವೆಂಕಟಮ್ಮ ಮೊಣಕಾಲುದ್ದ ನೀರಿಗೆ ಇಳಿದಿರುತ್ತಾರೆ. ಮುಂದೆ ಒಗೆಯುವ ಕಲ್ಲು, ದಡದಲ್ಲಿ ಬಟ್ಟೆ ಬೇಯಿಸುವ ಹಂಡೆ, ಎದುರಿಗೆ ಕೆರೆಯ ಏರಿ. ಏರಿಯ ಮೇಲೆ ಮೊದಲ ಬಸ್ಸು ಗುಡುಗಿಕೊಂಡು ಹೋಗುತ್ತದೆ. ಅವರು ಸೆರಗನ್ನು ಮೂಗಿಗೆ ಬಿಗಿದು ಕಟ್ಟಿಕೊಂಡೇ ಮೊದಲ ಸೀರೆ ಅದ್ದುತ್ತಾರೆ. ನೀರು ಕಲಕಿದರೆ ಸಾಕು, ನಾತ ಎದ್ದು ಬರುತ್ತದೆ.

ಜಯನಗರದ ತೆಂಕಣ ಅಂಚಿನ ಈ ಕೆರೆಯ ಸುತ್ತ ಬಡಾವಣೆ ಎದ್ದು ಹತ್ತು ವರ್ಷವೂ ಆಗಿಲ್ಲ. ಕೆರೆಯ ತಂಗಾಳಿ, ಮನೆ ಹತ್ತಿರವೇ ಬಸ್ಸು, ಏರಿಯ ಮೇಲೆ ಜವಳಿಯಿಂದ ಕಾಫಿಪುಡಿಯವರೆಗೆ ಸಾಲು ಅಂಗಡಿ. ಈ ಅರವತ್ತಾರನೇ ಇಸವಿಯ ಬೆಂಗಳೂರಿನಲ್ಲಿ ಇನ್ನೇನು ಬೇಕು ಎಂದು ಹೊಸದಾಗಿ ಬಂದವರು ಬೀಗುತ್ತಾರೆ. ಬೀಗಲಿ. ತಮ್ಮ ಬಚ್ಚಲು, ಕಕ್ಕಸಿನ ಮೋರಿ ಎಲ್ಲಿಗೆ ಹರಿಯುತ್ತದೆ ಎಂದು ಒಬ್ಬರೂ ಬಗ್ಗಿ ನೋಡಿಲ್ಲ. ಅದು ನೇರ ಕೆರೆಗೆ ಬರುತ್ತದೆ. ಆ ಮನೆಗಳ ಬಟ್ಟೆಯೂ ಅಲ್ಲಿಗೇ ಬರುತ್ತದೆ, ಮುನಿವೆಂಕಟಮ್ಮನವರ ಗಂಟಿನಲ್ಲಿ. ವಾಸನೆ ಎಂದು ಒಬ್ಬೊಬ್ಬರಾಗಿ ಬಟ್ಟೆ ಹಾಕುವುದನ್ನೇ ನಿಲ್ಲಿಸುತ್ತಿದ್ದಾರೆ.

“ಸೋಪು ಜಾಸ್ತಿ ಹಾಕಮ್ಮ ಅಂತಾರೆ. ಸೋಪು ಏನ್ ಮಾಡ್ತೈತೆ ಸಾರ್, ನೀರೇ ಸತ್ತೋಗೈತೆ,” ಎಂದು ಮುನಿವೆಂಕಟಮ್ಮ ಬರೆದುಕೊಳ್ಳಲು ಬಂದ ನನಗೆ ಹೇಳುತ್ತಾರೆ.

ಗಂಡ ಚಿಕ್ಕಬೈರಪ್ಪ ಎದೆನೋವಿನಿಂದ ಹೋದ ಮೇಲೆ ಕಲ್ಲು, ಕತ್ತೆ ಎರಡೂ ಅವರ ಪಾಲಿಗೆ ಬಂದವು. ಅವುಗಳ ಜೊತೆ ಒಂದು ಹಕ್ಕೂ ಬಂತು. ಬೇಸಗೆಯಲ್ಲಿ ಕೆರೆಯ ನೀರು ತುಂಬಿದ ಗಂಗಮ್ಮನ ಕಳಸ ದಡದಿಂದ ಗುಡಿಗೆ ಹೊರಟಾಗ, ಹೊತ್ತವರ ಕಾಲು ನೆಲಕ್ಕೆ ಸೋಕಬಾರದು. ದಾರಿಯುದ್ದಕ್ಕೂ ಮಡಿವಾಳರ ಮನೆಯವರು ಒಗೆದ ಬಟ್ಟೆ ಹಾಸಬೇಕು, ಹಿಂದಿನದನ್ನು ಎತ್ತಿ ಮತ್ತೆ ಮುಂದಕ್ಕೆ ಹಾಸುತ್ತ ಹೋಗಬೇಕು. ಅದೇ ನಡೆಮಡಿ. ಅದನ್ನು ಗಂಗಮ್ಮನ ಕೆರೆಯಲ್ಲೇ ಒಗೆಯಬೇಕು, ಬೇರೆ ನೀರು ಮುಟ್ಟಿಸುವಂತಿಲ್ಲ. ಕೆರೆಯ ಪಕ್ಕದ ಹಳೆಯ ಊರಿನವರು ಅವರನ್ನು ಹೆಸರು ಹಿಡಿದು ಮುಂದಕ್ಕೆ ಕರೆಯುತ್ತಿದ್ದುದು ವರ್ಷದಲ್ಲಿ ಅದೊಂದೇ ದಿನ.

ಈ ಸಲ ಹಬ್ಬದ ಹಿಂದಿನ ದಿನ, ಇನ್ನೂ ಬಟ್ಟೆ ಹಾಕುತ್ತಿರುವ ಗುಮಾಸ್ತರ ಮನೆಯ ವಿಮಲಾ ಹಿತ್ತಲ ಬಾಗಿಲು ತೆರೆದರು. “ನಡೆಮಡೀನ ನಮ್ಮ ನಲ್ಲೀಲೇ ಒಗ್ಕೊಳ್ಳಿ, ಯಾರಿಗ್ ಗೊತ್ತಾಗುತ್ತೆ?”

“ಅವ್ವನಿಗೆ ಗೊತ್ತಾಗಲ್ವಾ ತಾಯಿ?” ಎಂದವರೇ ಮುನಿವೆಂಕಟಮ್ಮ ಗಂಟು ಹೊತ್ತು ಕೆರೆಗೇ ಇಳಿದರು. ಎರಡೆರಡು ಸಲ ಬೇಯಿಸಿದರು, ನೀಲಿ ಹಾಕಿದರು, ಬಿಸಿಲಿಗೆ ಹರವಿದರು. ಬಟ್ಟೆ ಬೆಳ್ಳಗಾಯಿತು. ನಾತ ಹೋಗಲಿಲ್ಲ.

ಮರುದಿನ ಊರಿನ ಯಜಮಾನ ತಿಮ್ಮರಾಯಪ್ಪ ಅದನ್ನು ಎಲ್ಲರೆದುರು ಮೂಸಿ ನೋಡಿದರು. ಹೊಲವೆಲ್ಲ ಬಡಾವಣೆಗೆ ಹೋಗಿ ಈಗ ಏರಿಯ ಮೇಲೆ ಜವಳಿ ಅಂಗಡಿ ಇಟ್ಟವರು. “ಇದರ ಮ್ಯಾಲೆ ಅವ್ವ ನಡೀತಾಳಾ? ತಗಿ ಅತ್ಲಾಗೆ!” ಎಂದು ತಮ್ಮ ಅಂಗಡಿಯಿಂದಲೇ ಹೊಸ ಬಟ್ಟೆಯ ಥಾನು ತರಿಸಿ ಬಿಚ್ಚಿಸಿದರು. ಅಲ್ಲಿ ನೆರೆದವರ ಮೋರಿಯೇ ಆ ಬಟ್ಟೆಯಲ್ಲಿತ್ತು. ಅದೇ ನೀರು ತುಂಬಿದ ಕಳಸಕ್ಕೆ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಮುನಿವೆಂಕಟಮ್ಮ ಮಡಿಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಮೆರವಣಿಗೆಯ ಕೊನೆಯಲ್ಲಿ ಬರಿನೆಲದ ಮೇಲೆ ನಡೆದು ಬಂದರು.

ಈಗ ಕಲ್ಲಿನ ಮೇಲಿರುವುದು ಅಂಗಡಿಯ ಆ ಬಟ್ಟೆಯೇ. ಮೆರವಣಿಗೆಯಲ್ಲಿ ಮಣ್ಣಾಗಿದೆಯೆಂದು ತಿಮ್ಮರಾಯಪ್ಪ ತಾವೇ ತಂದು ದಡದಲ್ಲಿ ಹಾಕಿದ್ದಾರೆ. “ಮುಂದಿನ ವರ್ಷಕ್ಕೆ ಬೇಕು, ಚೆನ್ನಾಗ್ ಒಗ್ದಿಡು.”

ಮುನಿವೆಂಕಟಮ್ಮ ಅದನ್ನು ನೀರಿಗೆ ಅದ್ದುತ್ತಾರೆ. ತಲೆ ಎತ್ತುವುದಿಲ್ಲ.

“ಒಗ್ದಿಕ್ತೀನಿ ಯಜಮಾನ್ರೇ. ನಾನು ಎಲ್ಲೋಗ್ಲಿ, ಇಲ್ಲೇ ಬಿದ್ದಿರ್ತೀನಿ. ಅವ್ವನ್ನಾದ್ರೂ ಬೇರೆ ಕೆರೆಗೆ ಕರ್ಕೊಂಡೋಗ್ಬುಡಿ. ಈ ನೀರು ಅವಳಿಗೆ ಬ್ಯಾಡ.”