ಖಾಲಾ ಕಡೆದ ಒಂದು ಕೋಲು

ಪೂಲ್ ಆಟದ ಕ್ಯೂ ಕೋಲಿನ ತುದಿಯಿಂದ ಒಂದು ಗೇಣು ಕೆಳಗೆ, ಉಗುರಿನ ಅಂಚಿನಷ್ಟು ತೆಳ್ಳಗೆ, ಕಂದು ಬಣ್ಣದ ಒಂದು ಉಂಗುರ ಮೂಡಿತ್ತು. ಸುಟ್ಟ ಗುರುತು. ಡ್ರಿಲ್ಲಿಗೆ ಸಿಕ್ಕಿಸಿದ ಕೋಲು ತಿರುಗುತ್ತಿದ್ದಾಗ, ಹೊಳಪು ಬರಲೆಂದು ಚರ್ಮದ ತುಂಡನ್ನು ಒಂದೇ ಕಡೆ ಬಿಗಿಯಾಗಿ ಒತ್ತಿ ಹಿಡಿದಿದ್ದೆ. ಮೊದಲು ವಾಸನೆ ಬಂತು, ಆಮೇಲೆ ಗುರುತು ಕಂಡಿತು. ಸುಟ್ಟ ಮರ ಮತ್ತು ಬಿಸಿಯಾದ ಚರ್ಮ ಬೆರೆತ ಆ ವಾಸನೆ ನನಗೆ ಹೊಸದಾಗಿರಲಿಲ್ಲ. ಹಿಂದೆ ಒಮ್ಮೆ ಮೂಸಿದ್ದೆ, ಸುರಪುರದ ನಮ್ಮ ಓಣಿಯಲ್ಲಿ, ಮರ ಕಡೆಯುವ ಖರಾದಿ ಅಂಗಡಿಯ ಕಟ್ಟೆಯ ಮೇಲೆ ಕೂತು...

ಪೂಲ್ ಆಡುವುದನ್ನು ನಾನು ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ಕಲಿತೆ. ಆಟದಲ್ಲಿ ಅಂಥ ಗಟ್ಟಿಗಿತ್ತಿಯೇನಲ್ಲ. ಆಟಕ್ಕಿಂತ ಕೋಲು ನನಗೆ ಹೆಚ್ಚು ಹಿಡಿಸಿತು. ಅದರ ತುದಿಯ ಚರ್ಮದ ಟಿಪ್ ಒಮ್ಮೆ ಕಿತ್ತು ಬಂದಾಗ ನಾನೇ ಅಂಟಿಸಿ, ಸುತ್ತ ಕತ್ತರಿಸಿ, ನಯ ಮಾಡಿದೆ. ಈಗ ಕೆಲಸಕ್ಕೆಂದು ಯಾದಗಿರಿಯಲ್ಲಿದ್ದೇನೆ. ಇಲ್ಲಿನ, ಶಹಾಪುರದ ಕೆಲವು ಆಟಗಾರರ ಕೋಲುಗಳು ಯಾರ ಯಾರದೋ ಕೈಯಿಂದ ನನ್ನ ಮನೆಗೆ ಬರುತ್ತವೆ, ರಿಪೇರಿಯಾಗಿ ಅದೇ ಕೈಗಳಿಂದ ಹಿಂದಕ್ಕೆ ಹೋಗುತ್ತವೆ. ಕೋಲಿನವರನ್ನು ನಾನು ನೋಡುವುದಿಲ್ಲ. ಹಾಗಿರುವುದೇ ನನಗೆ ಇಷ್ಟ.

ಡ್ರಿಲ್ಲಿನಿಂದ ಇನ್ನು ಸಾಗದು, ಮರ ತಿರುಗಿಸಿ ಕಡೆಯುವ ಯಂತ್ರ, ಒಂದು ಲೇತ್, ಬೇಕು ಎಂದು ತೀರ್ಮಾನಿಸಿ ಕೆಲವು ವಾರಗಳಾಗಿದ್ದವು. ಸ್ಟೇಷನ್ ಕಡೆಯ ಯಂತ್ರದ ಅಂಗಡಿಯವರು ಎರಡು ಬಗೆಯದು ತರಿಸಿಕೊಡುವುದಾಗಿ ಹೇಳಿದ್ದರು. ಒಂದು ಗಿಡ್ಡದ್ದು. ಮರವನ್ನು ಹಿಡಿದು ತಿರುಗಿಸುವ ಅದರ ತಲೆಯಲ್ಲಿ ಅಗಲವಾದ ತೂತಿದೆ. ಕ್ಯೂವನ್ನು ಅದರೊಳಗೆ ತೂರಿಸಿ ತುದಿಯನ್ನಷ್ಟೇ ಹೊರಗೆ ಬಿಡಬಹುದು. ಹೊರಗಿರುವುದು ಚಿಕ್ಕ ತುಂಡಾದ್ದರಿಂದ ಅಲುಗುವುದಿಲ್ಲ. ಟಿಪ್ ಕೂಡಿಸಲು, ತುದಿಯ ಬಿಳಿ ಬಳೆ ಬದಲಿಸಲು ಇದಕ್ಕಿಂತ ಸುರಕ್ಷಿತವಾದದ್ದಿಲ್ಲ. ಆದರೆ ಅದರ ಮೇಲೆ ಹೊಸ ಕ್ಯೂ ಕಡೆಯಲು ಆಗುವುದಿಲ್ಲ. ಇನ್ನೊಂದು ಉದ್ದದ್ದು. ಕೋಲಿನ ಎರಡೂ ಕೊನೆ ಹಿಡಿದು ಇಡಿಯಾಗಿ ತಿರುಗಿಸುತ್ತದೆ. ಹೊಸದನ್ನು ಬುಡದಿಂದ ತುದಿಯವರೆಗೆ ಕಡೆಯಬಹುದು, ಕೈ ತಪ್ಪಿದರೆ ಬುಡದಿಂದ ತುದಿಯವರೆಗೆ ಕೆಡಿಸಲೂಬಹುದು. ತೆಳ್ಳಗಿನ ಮರ ನಡುವೆ ಬಾಗಿ ಕುಣಿಯದಂತೆ ಅದಕ್ಕೊಂದು ಆಸರೆ ಬೇಕು. ‘ಸ್ಟೆಡಿ ರೆಸ್ಟ್’ ಎನ್ನುತ್ತಾರೆ: ಕಬ್ಬಿಣದ ಒಂದು ಚೌಕಟ್ಟು, ಅದರಲ್ಲಿ ಕೋಲನ್ನು ಮೂರು ಕಡೆಯಿಂದ ಮುಟ್ಟುವ ಪುಟ್ಟ ಗಾಲಿಗಳು.

ನಾನು ಗಿಡ್ಡದ್ದರ ಕಡೆಗೇ ವಾಲಿದ್ದೆ. ಸುಟ್ಟ ಉಂಗುರ ಮೂಡಿದ ದಿನ, ವಾಸನೆ ಹೋಗಲೆಂದು ಕಿಟಕಿ ತೆರೆದು ಕೂತಾಗ, ಆ ಮೂರು ಗಾಲಿಗಳು ಮಾಡುವ ಕೆಲಸವನ್ನು ಒಂದು ಅಂಗೈ ಮಾಡಿದ್ದನ್ನು ನೋಡಿದ್ದೇನಲ್ಲ ಅನ್ನಿಸಿತು.

ಆ ಅಂಗೈಯ ಹೆಂಗಸನ್ನು ಓಣಿಯ ಮಕ್ಕಳೆಲ್ಲ ಖಾಲಾ ಅನ್ನುತ್ತಿದ್ದೆವು, ಅವರ ಗಂಡನನ್ನು ಚಾಚಾ. ಖಾಲಾ ಎಂದರೆ ತಾಯಿಯ ತಂಗಿ, ಚಾಚಾ ಎಂದರೆ ತಂದೆಯ ತಮ್ಮ. ಗಂಡಹೆಂಡತಿಗೆ ಈ ಎರಡು ಹೆಸರು ಒಟ್ಟಿಗೆ ಹೊಂದುವುದಿಲ್ಲ. ಓಣಿಯಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. ಮಂಚದ ಕಾಲು, ತೊಟ್ಟಿಲ ಗೂಟ, ಲಟ್ಟಣಿಗೆ, ಬುಗುರಿ ಕಡೆದು ಕೊಡುವ ಅಂಗಡಿ ಅವರದು. ಚಾಚಾ ಉಳಿ ಹಿಡಿಯುತ್ತಿದ್ದರು. ಖಾಲಾ ಅವರ ಎದುರು, ಸ್ವಲ್ಪ ಕೆಳಗೆ, ನೆಲದ ಮೇಲೆ ಕೂತು, ಮರಕ್ಕೆ ಸುತ್ತಿದ ಚರ್ಮದ ಪಟ್ಟಿಯ ಎರಡು ತುದಿಗಳನ್ನು ಒಂದಾದ ಮೇಲೊಂದು ಜಗ್ಗುತ್ತಿದ್ದರು. ಮರ ಒಮ್ಮೆ ಆಚೆ, ಒಮ್ಮೆ ಈಚೆ ತಿರುಗುತ್ತಿತ್ತು. ಈಚೆ ತಿರುಗಿದಾಗಷ್ಟೇ ಉಳಿ ಕಚ್ಚುತ್ತಿತ್ತು. ಆಚೆ ತಿರುಗುವಾಗ ಚಾಚಾ ಸುಮ್ಮನಿರುತ್ತಿದ್ದರು. ಖಾಲಾಗೆ ಮಾತ್ರ ಬಿಡುವಿರಲಿಲ್ಲ.

ಮನೆಯೊಳಗೆ ಅವರದು ಉರ್ದು. ಅಂಗಡಿಯಲ್ಲಿನ ಜಗಳ ಮಾತ್ರ ಕನ್ನಡದಲ್ಲಿ, ಓಣಿಯ ಮಂದಿ ನ್ಯಾಯ ಹೇಳಲಿ ಎಂದೋ ಏನೋ.

“ಏ, ಸೀದಾ ಜಗ್ಗ,” ಎಂದು ಚಾಚಾ ಗದರಿದರೆ, “ನೀವು ಮೊದಲ ಸೀದಾ ಮಾತಾಡ್ರಿ. ಆಮ್ಯಾಲ ಪಟ್ಟಿ ತಾನ ಸೀದಾ ಬರ್ತದ,” ಎಂದು ಖಾಲಾ ಅನ್ನುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಚಾಚಾ ಮೋಟರು ಹಾಕಿಸಿದರು. ಪಟ್ಟಿಯನ್ನು ಸುತ್ತಿ ಗೂಟಕ್ಕೆ ತೂಗುಹಾಕಿದರು. ಖಾಲಾಗೆ ಇನ್ನು ಕೈ ನೋಯುವ ಕೆಲಸವಿಲ್ಲ ಎಂದು ಓಣಿಯ ಹೆಂಗಸರಿಗೆಲ್ಲ ಸಂತೋಷವಾಯಿತು.

“ರಾಣಿ ಆದ್ರಿ ಬಿಡ್ರಿ ಖಾಲಾ,” ಎಂದಳು ನಮ್ಮ ಅವ್ವ.

“ಎಲ್ಲಿ ರಾಣಿ ಯವ್ವಾ, ಪೆನ್ಶನ್ ಇಲ್ಲದ ರಿಟೈರ್ ಆಗೀನಿ,” ಎಂದು ಖಾಲಾ ನಕ್ಕರು.

ಆದರೆ ಮಧ್ಯಾಹ್ನದ ಅಡುಗೆ ಮುಗಿದ ಮೇಲೆ ಅವರು ಅಂಗಡಿಗೆ ಬಂದು ಕೂರುವುದನ್ನು ಬಿಡಲಿಲ್ಲ. ಮೊದಲಿನ ಜಾಗದಲ್ಲಿ ಅಲ್ಲ, ಚಾಚಾನ ಪಕ್ಕದಲ್ಲಿ, ಉಳಿ ಕಾಣುವ ಕಡೆ. ನಾನು ಶಾಲೆಯ ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಮಾತಾಡದ ಹುಡುಗಿಯಾದ್ದರಿಂದ ನನ್ನನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಒಂದು ದಿನ ಖಾಲಾ ತಾವಾಗಿಯೇ ಹೇಳಿದರು:

“ಪಟ್ಟಿ ಜಗ್ಗೂಮುಂದ ಎಲ್ಲಾ ಕೈಗೆ ಗೊತ್ತಾಗ್ತಿತ್ತು ಬೇಟಾ. ಉಳಿ ಕಚ್ಚಿದ್ದು, ಮರದಾಗ ಗಂಟು ಬಂದಿದ್ದು, ಇವರಿಗೆ ಸಿಟ್ಟು ಬಂದಿದ್ದು. ಏನ್ ರೂಪ ಬರಾಕತ್ತದ ಅನ್ನೋದೊಂದ ಗೊತ್ತಾಗ್ತಿರಲಿಲ್ಲ. ಎಲ್ಲಾ ಮುಗದ ಮ್ಯಾಲ ಕೈಯಾಗ ಕೊಡೋರು, ಆವಾಗ ನೋಡಾಕಿ.”

ಆಮೇಲೆ ಚಾಚಾನ ಕಡೆ ತಿರುಗಿ, ಒಂದು ಸಲ ಉಳಿ ನನಗೆ ಕೊಡಿ ಎಂದು ಕೇಳಿದರು. ಅದು ಮೊದಲ ಸಲ ಕೇಳಿದ್ದಲ್ಲ ಎಂಬುದು ಚಾಚಾ ಉತ್ತರಿಸಿದ ರೀತಿಯಲ್ಲೇ ತಿಳಿಯುತ್ತಿತ್ತು.

“ಬೆರಳು ಹೋಗ್ತಾವ, ಸುಮ್ ಕುಂದರ. ಗಿರಾಕಿ ನೋಡಿದ್ರ ಏನಂದಾರು?”

ಆ ದಿನಗಳಲ್ಲೇ ಶಹಾಪುರದಿಂದ ಒಬ್ಬ ಪೂಲ್ ಪಾರ್ಲರಿನ ಮಾಲೀಕ ಗೋಣಿಚೀಲದಲ್ಲಿ ಮುರಿದ ಕ್ಯೂಗಳನ್ನು ಕಟ್ಟಿಕೊಂಡು ಬಂದ. ನಡುವೆ ತಿರುಪು ಇದ್ದು ಎರಡು ತುಂಡಾಗುವ ಕೋಲುಗಳವು. ಮುಂದಿನ ತುಂಡುಗಳು ಮುರಿದಿದ್ದವು. ಮರ ಅವನೇ ತಂದಿದ್ದ. ಕಡೆದು ಕೊಟ್ಟರೆ ಸಾಕು, ತಿರುಪು ಬೇರೆ ಕಡೆ ಕೂಡಿಸಿಕೊಳ್ಳುತ್ತೇನೆ ಎಂದ.

“ಮಂಚದ ಕಾಲ್ ಮಾಡೋರಿಗೆ ಇದೇನ್ ದೊಡ್ಡದ್ರಿ ಚಾಚಾ,” ಎಂದು ಹೇಳಿಹೋದ.

ದೊಡ್ಡದೇ ಆಗಿತ್ತು. ಮಂಚದ ಕಾಲು ದಪ್ಪ. ಎಷ್ಟು ಜೋರಾಗಿ ತಿರುಗಿಸಿದರೂ ತನ್ನ ಜಾಗದಲ್ಲೇ ಇರುತ್ತದೆ. ಇದು ಬೆರಳಿನಷ್ಟು ತೆಳ್ಳಗಾಗಬೇಕಾದ ಕೋಲು. ಮೋಟರಿನ ವೇಗಕ್ಕೆ ನಡುವೆ ಬಾಗಿ ಹಾವಿನ ಹಾಗೆ ಕುಣಿಯಿತು, ಉಳಿ ತಾಗಿದ್ದೇ ಎರಡಾಗಿ ಸಿಡಿಯಿತು. ಒಂದು ತುಂಡು ಬಂದು ನಾನು ಕೂತ ಕಟ್ಟೆಗೆ ಬಡಿಯಿತು. ಚಾಚಾ ಮೋಟರು ನಿಲ್ಲಿಸಿ, ಗೋಡೆ ನೋಡುತ್ತ ಕೂತುಬಿಟ್ಟರು.

ಖಾಲಾ ಎದ್ದು ಗೂಟದಲ್ಲಿದ್ದ ಹಳೆಯ ಪಟ್ಟಿಯಿಂದ ಅಂಗೈಯಷ್ಟು ಚರ್ಮ ಕೊಯ್ದರು. ಅದನ್ನು ಅಂಗೈಯಲ್ಲಿಟ್ಟುಕೊಂಡು ಲೇತಿನ ಹಿಂದುಗಡೆ ಕೂತರು. “ಈಗ ಚಾಲೂ ಮಾಡ್ರಿ,” ಎಂದರು. ಹೊಸ ಕೋಲು ತಿರುಗಿ ಕುಣಿಯತೊಡಗಿದಾಗ ಅದರ ನಡುವಿಗೆ ಹಿಂದಿನಿಂದ ಕೈ ಕೊಟ್ಟರು. ಹಿಡಿಯಲಿಲ್ಲ, ಮುಟ್ಟಿಸಿದರು ಅಷ್ಟೇ. ಕುಣಿತ ನಿಂತಿತು. ಚಾಚಾನ ಉಳಿ ಸರಿದ ಹಾಗೆ ಖಾಲಾನ ಅಂಗೈಯೂ ಸರಿಯಿತು. ಅವರು ಉಳಿಯ ಕಡೆ ನೋಡುತ್ತಲೂ ಇರಲಿಲ್ಲ... ಮರ ತೆಳ್ಳಗಾದಂತೆ ಎಷ್ಟು ಸಡಿಲಿಸಬೇಕು, ಎಲ್ಲಿ ಮತ್ತೆ ಒತ್ತಬೇಕು ಎಂಬುದು ಆ ಕೈಗೆ ಹೇಗೆ ತಿಳಿಯುತ್ತಿತ್ತೋ, ಅದನ್ನು ನಾನು ಆಗ ಕೇಳಲಿಲ್ಲ.

ಆ ಕೋಲು ಮುಗಿದ ಮೇಲೆ ಖಾಲಾ ತಮ್ಮ ಕರಾರು ಹೇಳಿದರು.

“ಉಳದವೂ ಹಿಡೀತೀನಿ. ಆದ್ರ ಕಡೀ ಕೋಲು ನಾ ಕಡೀತೀನಿ, ನೀವು ಹಿಡೀಬೇಕು. ಪೂರಾ ಕೋಲು. ಅರ್ಧ ಆದ ಮ್ಯಾಲ ಉಳಿ ಕಸ್ಗೋಬಾರ್ದು.”

ಬೇರೆ ದಾರಿಯಿರಲಿಲ್ಲ. ಚಾಚಾ ‘ಹೂಂ’ ಅಂದರು.

ಅವರು ಮಾತು ಉಳಿಸಿಕೊಳ್ಳುತ್ತಾರೋ ಇಲ್ಲವೋ ಎಂದು ನೋಡಲಿಕ್ಕೇ ನಾನು ದಿನಾ ಶಾಲೆಯಿಂದ ನೇರ ಕಟ್ಟೆಗೆ ಹೋಗತೊಡಗಿದೆ. ಕಡೆಯ ಕೋಲಿನ ಸರದಿ ಬಂದ ದಿನ ಚಾಚಾ ಬೀಡಿ ಹಚ್ಚಿದರು, ಉಳಿ ಮಸೆದರು, ಮತ್ತೆ ಮಸೆದರು. ಕೊನೆಗೆ, “ಈಗ ಕರೆಂಟ್ ಹೋಗೋ ಟೈಮ್ ಅದ,” ಎಂದರು.

“ಹೋದ್ರ ಹೋಗ್ಲಿ, ಪಟ್ಟಿ ಇನ್ನ ಉಳದದ. ನೀವು ಜಗ್ಗ್ರಿ,” ಎಂದರು ಖಾಲಾ.

ಚಾಚಾ ಮೇಲೆದ್ದು, ಲೇತನ್ನು ಸುತ್ತಿಕೊಂಡು ಬಂದು ನೆಲದ ಮೇಲೆ ಕೂತರು. ಅಂಗೈಯಲ್ಲಿ ಚರ್ಮ ಇಟ್ಟುಕೊಂಡರು. ಖಾಲಾ ಸೆರಗು ಬಿಗಿದು ಉಳಿ ಹಿಡಿದರು. ಮೊದಲ ಸಿಪ್ಪೆ ತುಂಡುತುಂಡಾಗಿ ಉದುರಿತು. ಆಮೇಲೆ ಉದ್ದಕ್ಕೆ, ಸುರುಳಿಯಾಗಿ ಬರತೊಡಗಿತು. ಅಷ್ಟರಲ್ಲಿ ಹೊಗೆ ಎದ್ದಿತು. ಚಾಚಾ ಒಂದೇ ಕಡೆ ಮುಷ್ಟಿ ಬಿಗಿದಿದ್ದರು, ಮರ ಸುಡುತ್ತಿತ್ತು.

“ಸಡ್ಲ ಹಿಡೀರಿ! ಕೋಳಿ ಕುತ್ತಿಗಿ ಹಿಚಕಿದಂಗ ಹಿಚಕಬ್ಯಾಡ್ರಿ.”

“ಬಿಟ್ರ ಕುಣೀತದಲ್ಲ?”

“ಬಿಡ್ರಿ ಅಂದೀನೇನು? ಮುಟ್ಟಿ ಕುಂದರ್ರಿ, ಅದು ತಾನ ಹೇಳ್ತದ.”

ಚಾಚಾ ಕೈ ಸಡಿಲಿಸಿದರು. ಖಾಲಾ ನಿಧಾನವಾಗಿ, ಒಮ್ಮೆಯೂ ತಲೆಯೆತ್ತದೆ ತುದಿಯವರೆಗೂ ಹೋದರು. ಮೋಟರು ನಿಂತ ಮೇಲೆ ಕೋಲನ್ನು ತೆಗೆದು ಕೈಯಲ್ಲಿ ಹಿಡಿಯಲಿಲ್ಲ, ಲೇತಿನ ಮೇಲೆಯೇ ಬಿಟ್ಟು ಸುಮ್ಮನೆ ನೋಡಿದರು. ನಡುವೆ ಒಂದು ಕಂದು ಉಂಗುರ ಉಳಿದಿತ್ತು.

ಪಾರ್ಲರಿನ ಮಾಲೀಕ ಬಂದ ದಿನ ಖಾಲಾ ಒಳಗಿದ್ದರು, ಪರದೆಯ ಆಚೆ. ಅವನು ಒಂದೊಂದಾಗಿ ನೋಡುತ್ತ ಆ ಕೋಲಿಗೆ ಬಂದು ನಿಂತ.

“ಇದೇನ್ರಿ ಚಾಚಾ, ಇದರ ಮ್ಯಾಲ ಬೀಡಿ ಇಟ್ಟಿದ್ರೇನು?”

ಮರವೇ ಹಾಗಿತ್ತು ಅನ್ನಬಹುದಿತ್ತು. ಹೆಂಡತಿ ಮುಟ್ಟಿ ಕೆಡಿಸಿದಳು ಎಂದರೂ ಕೇಳುವವರಿರಲಿಲ್ಲ. ನಾನು ಪುಸ್ತಕದಿಂದ ತಲೆಯೆತ್ತಿ ಚಾಚಾನ ಮುಖವನ್ನೇ ನೋಡುತ್ತಿದ್ದೆ.

“ಸುಟ್ಟಾಂವ ನಾ. ಕಡದಾಕಿ ನಮ್ಮ ಮನ್ಯಾಕಿ,” ಎಂದರು ಚಾಚಾ.

ಅವನು ಕೋಲನ್ನು ಅಂಗಡಿಯ ನುಣುಪಾದ ಪರಸಿ ಕಲ್ಲಿನ ನೆಲದ ಮೇಲೆ ಉರುಳಿಸಿದ. ಅದು ಎಲ್ಲೂ ಕುಪ್ಪಳಿಸದೆ, ಒಂದೇ ಸಮನೆ ಗೋಡೆಯವರೆಗೆ ಉರುಳಿತು.

“ಹಂಗಾದ್ರ ಕಾರಿಗರ್ ಬ್ಯಾರೇನ ಇದ್ದಾರ ಬಿಡ್ರಿ.”

“ಆ ಕಾರಿಗರ್ ಈಗ ಚಾ ಮಾಡಾಕತ್ತಾಳ, ಕುಂದರ್ರಿ,” ಎಂದು ಪರದೆಯ ಆಚೆಯಿಂದ ಖಾಲಾನ ದನಿ ಬಂತು.

ಆಮೇಲೆ ಅವನಿಂದ ಕೆಲಸ ಬರಲಿಲ್ಲ. ಹೈದರಾಬಾದಿನಿಂದ ಸಿದ್ಧ ಕೋಲುಗಳೇ ಸಿಗತೊಡಗಿದವಂತೆ. ಖಾಲಾ ಮತ್ತೆ ಉಳಿ ಹಿಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಪರೀಕ್ಷೆಗಳು ಬಂದವು, ಆಮೇಲೆ ಹಾಸ್ಟೆಲು... ಅವರು ತೀರಿಕೊಂಡಾಗ ನಾನು ಕಲಬುರಗಿಯಲ್ಲಿದ್ದೆ. ಅವ್ವ ಫೋನು ಮಾಡಿ ಹೇಳುವಷ್ಟರಲ್ಲಿ ಮಣ್ಣಾಗಿತ್ತು. ಚಾಚಾ ಲೇತನ್ನು ಮಾರಿ ಕೆಂಭಾವಿಯಲ್ಲಿರುವ ಮಗಳ ಮನೆಗೆ ಹೋದರು. ಅಂಗಡಿಯಲ್ಲಿ ಈಗ ಮೊಬೈಲು ರಿಪೇರಿ ನಡೆಯುತ್ತದೆ. ಕೇಳಬೇಕಾಗಿದ್ದ ಪ್ರಶ್ನೆಗಳು ಈಗ ಒಂದೊಂದಾಗಿ ಹೊಳೆಯುತ್ತವೆ. ಮರ ಸಣ್ಣಗಾಗುವುದು ಅಂಗೈಗೆ ಬಿಸಿಯಿಂದ ತಿಳಿಯುತ್ತದೆಯೋ, ನಡುಕದಿಂದಲೋ? ರೂಪ ಬರುತ್ತಿರುವಾಗಲೇ ಅದನ್ನು ನೋಡಿದಾಗ ಅವರಿಗೆ ಏನನ್ನಿಸಿತು? ಉತ್ತರ ಹೇಳಬಲ್ಲವರು ಒಬ್ಬರೇ ಇದ್ದರು. ಈಗ ಆ ಓಣಿಗೆ ಹೋದರೆ ನಾನು ಆ ಅಂಗಡಿಯ ಕಡೆ ನೋಡದೆ ನಡೆಯುತ್ತೇನೆ.

ಸುಟ್ಟ ಉಂಗುರ ಮೂಡಿದ ಆ ದಿನ ಸಂಜೆ ಎರಡೂ ಲೇತುಗಳ ಚಿತ್ರಗಳನ್ನು ಮತ್ತೊಮ್ಮೆ ನೋಡಿದೆ. ಗಿಡ್ಡದ್ದರಲ್ಲಿ ತಪ್ಪಾಗುವುದಿಲ್ಲ, ನಿಜ. ಅದರ ಮೇಲೆ ನಾನು ಬೇರೆಯವರು ಕಡೆದ ಕೋಲುಗಳ ತುದಿಗಳನ್ನು ಜೀವನವಿಡೀ ಅಚ್ಚುಕಟ್ಟಾಗಿ ಸರಿಮಾಡುತ್ತ ಇರಬಹುದು. ನನಗೆ ಬೇಕಾಗಿದ್ದುದು ಅಷ್ಟೇ ಎಂದು ನಾನು ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಯಂತ್ರದ ಅಂಗಡಿಯವರಿಗೆ ಫೋನು ಮಾಡಿ, ಉದ್ದದ್ದು ತರಿಸಿ ಎಂದು ಹೇಳಿದೆ.

“ಉದ್ದದ್ದು ಪಳಗೂತನಕ ಭಾಳ ಕೋಲು ಹಾಳಾಗ್ತಾವ್ರಿ ಮೇಡಂ,” ಎಂದರು ಅವರು. “ನಡಸೋರು ಯಾರದಾರ, ಅವರಿಗೆ ಫೋನ್ ಕೊಡ್ರಿ. ಒಂದೆರಡು ಮಾತು ಹೇಳ್ತೀನಿ.”

“ನಡಸಾಕಿ ನಾನ ಅದೀನ್ರಿ,” ಎಂದೆ. “ಹೇಳ್ರಿ.”

ಯಂತ್ರ ಒಳಗೆ ಹೋಗಬೇಕಲ್ಲ, ಬಾಗಿಲಿನ ಅಗಲ ಎಷ್ಟು ಎಂದು ಅವರು ಕೇಳಿದರು. ಫೋನು ಹಿಡಿದುಕೊಂಡೇ ಟೇಪು ತೆಗೆದು ಬಾಗಿಲು ಅಳೆದೆ.