ಗಂಜಿ ಹಾಕಿದ ಹೊದಿಕೆ

ಬೀದಿಯವರು ಅವಳನ್ನು ಗಂಜಿಯಕ್ಕ ಎಂದು ಕರೆಯುತ್ತಿದ್ದರು. ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಸುಮ್ಮನೆ ಇಟ್ಟದ್ದಲ್ಲ. ತಮ್ಮನ ಜೊತೆ ಅವಳು ನಡೆಸುತ್ತಿದ್ದ ಲಾಂಡ್ರಿಯಿಂದ ಗಂಜಿ ಕಾಣದ ಬಟ್ಟೆ ಹೊರಗೆ ಹೋಗುತ್ತಿರಲಿಲ್ಲ. ಅಂಗಿಗೆ ಸರಿ, ಡಾಕ್ಟರುಗಳ ಬಿಳಿ ಕೋಟಿಗೆ ಸರಿ; ಅವಳು ಕರವಸ್ತ್ರಕ್ಕೂ ಗಂಜಿ ಹಾಕಿ, ನೆಗಡಿ ಬಂದವರ ಮೂಗು ತರಚಿದ್ದುಂಟು. ಯಾರಾದರೂ ತಕರಾರು ತೆಗೆದರೆ, ಬಟ್ಟೆ ಅಂದಮೇಲೆ ನೆಟ್ಟಗೆ ನಿಲ್ಲಬೇಕು ಎನ್ನುತ್ತಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಮೂವತ್ತು ವರ್ಷ ಹಬೆಯಲ್ಲಿ ಬೆಂದ ಕೈ, ಬಿಳುಪು ಎಂದರೆ ಏನು ಎಂದು ಆ ಕೈಗೆ ಗೊತ್ತಿತ್ತು.

ಹತ್ತಿರದ ಆಸ್ಪತ್ರೆಯ ಹಾಸುಹೊದಿಕೆಯೆಲ್ಲ ಅವರಲ್ಲಿಗೇ ಬರುತ್ತಿತ್ತು. ವಾರಕ್ಕೆರಡು ಸಲ ಅವಳೇ ಕೈಗಾಡಿ ತಳ್ಳಿಕೊಂಡು ಹೋಗಿ ಕೊಳೆಯಾದದ್ದನ್ನು ತಂದು, ಒಗೆದದ್ದನ್ನು ವಾರ್ಡುಗಳಿಗೆ ಮುಟ್ಟಿಸುತ್ತಿದ್ದಳು. ಹಾಗೆ ಗಾಡಿ ತಳ್ಳಿಕೊಂಡು ಬರುತ್ತಿದ್ದಾಗಲೇ ಒಂದು ದಿನ ಪಾರ್ಕಿನ ಮೆಟ್ಟಿಲ ಬಳಿ ಜನ ಸೇರಿದ್ದು ಕಾಣಿಸಿತು. ಮಕ್ಕಳನ್ನು ಗಿಡ್ಡ ಕುದುರೆಯ ಮೇಲೆ ಕೂರಿಸಿ ಪಾರ್ಕು ಸುತ್ತಿಸುತ್ತಿದ್ದ ಸವಾರಿ ತಾತ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ. ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ. ಆಂಬುಲೆನ್ಸಿಗೆ ಎತ್ತುವಾಗಲೂ ಹಗ್ಗ ಬಿಡದೆ ಸುತ್ತಲಿನ ಮುಖಗಳನ್ನೆಲ್ಲ ನೋಡಿ, ಕೊನೆಗೆ ಹಗ್ಗವನ್ನು ಗಂಜಿಯಕ್ಕನ ಕೈಗೆ ತುರುಕಿದ.

"ಎರಡು ದಿನ ನೋಡ್ಕೋ ತಂಗಿ," ಎಂದ.

ಹಗ್ಗದ ಆ ತುದಿಯಲ್ಲಿದ್ದವಳು ಕುಳ್ಳಿ. ಕಂದು ಬಣ್ಣದ ಹೆಣ್ಣು ಕುದುರೆ, ಎತ್ತರ ಗಂಜಿಯಕ್ಕನ ಎದೆಯವರೆಗೆ. ಕತ್ತಿನ ಮೇಲೆ ಕೂದಲೇ ಇರಲಿಲ್ಲ. ಅಲ್ಲಿ ಚರ್ಮ ದಪ್ಪಗಾಗಿ, ಮಡಿಕೆ ಬಿದ್ದು, ಹಕ್ಕಳೆಗಟ್ಟಿತ್ತು. ಬಾಲ ಸವೆದ ಹಗ್ಗದ ತುಂಡಿನ ಹಾಗಿತ್ತು. ಪಾರ್ಕಿನಿಂದ ಲಾಂಡ್ರಿಗೆ ನಡೆಸಿಕೊಂಡು ಬರುವಷ್ಟರಲ್ಲಿ ಮೂರು ಗೇಟು, ಒಂದು ದೀಪದ ಕಂಬಕ್ಕೆ ಕತ್ತು ತಿಕ್ಕಿಕೊಂಡು ರಕ್ತ ಬರಿಸಿಕೊಂಡಿತು. ಅದರ ಮೇಲೆ ಮಕ್ಕಳನ್ನು ಕೂರಿಸಲು ತಾಯಂದಿರು ಹಿಂಜರಿಯತೊಡಗಿ ವರ್ಷವಾಗಿತ್ತಂತೆ.

ಲಾಂಡ್ರಿಯ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಗಳ ಪಕ್ಕ, ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಅದನ್ನು ಕಟ್ಟಿದಳು. ತಮ್ಮ ಬಂದು ನೋಡಿದವನೇ ತಲೆಯ ಮೇಲೆ ಕೈ ಹೊತ್ತ. ಆಸ್ಪತ್ರೆಯ ಬಟ್ಟೆ ಒಣಗುವ ಜಾಗದಲ್ಲಿ ಕಜ್ಜಿ ಕುದುರೆ ಇದೆ ಎಂದು ಗೊತ್ತಾದರೆ ನಾಳೆಯಿಂದ ನಮ್ಮ ಬಾಗಿಲಿಗೆ ಯಾರೂ ಬರುವುದಿಲ್ಲ ಎಂದು ಕೂಗಾಡಿದ. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಹಾಗಾಗಿ ಮರುದಿನವೇ ಪ್ರಾಣಿಗಳ ಡಾಕ್ಟರಮ್ಮ ಬಂದರು.

ಡಾಕ್ಟರಮ್ಮ ಹಕ್ಕಳೆ ಕೆರೆದು ಗಾಜಿನ ಮೇಲಿಟ್ಟು ನೋಡಿ, ಇದು ಅಂಟುರೋಗವಲ್ಲ ಎಂದು ಕಾಗದ ಬರೆದುಕೊಟ್ಟರು. ಬೆಳಗಿನ ಜಾವ, ಸಂಜೆ ಏಳುವ ನೊರಜು ಕಚ್ಚುತ್ತದೆ. ಕೆಲವು ಕುದುರೆಗಳ ಮೈಗೆ ಆ ಕಡಿತ ಆಗಿಬರುವುದಿಲ್ಲ. ತುರಿಕೆ ತಡೆಯಲಾರದೆ ತಿಕ್ಕಿ ತಿಕ್ಕಿ ಚರ್ಮ ಹಾಳುಮಾಡಿಕೊಳ್ಳುತ್ತವೆ. ವಾರಕ್ಕೊಮ್ಮೆ ಔಷಧಿ ಹಾಕಿ ತೊಳೆಯಬೇಕು, ದಿನಾ ಮುಲಾಮು ಹಚ್ಚಬೇಕು, ನೊರಜು ಏಳುವ ಹೊತ್ತಿಗೆ ತೆಳುಬಟ್ಟೆಯಲ್ಲಿ ಮೈ ಮುಚ್ಚಬೇಕು. ಎಲ್ಲಕ್ಕಿಂತ ಮುಖ್ಯ ತಾಳ್ಮೆ ಎಂದರು. ತಮ್ಮ ಆ ಕಾಗದವನ್ನು ನಾಲ್ಕು ಸಲ ಓದಿ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ.

ಬಟ್ಟೆ ಎಂದ ಕೂಡಲೇ ಗಂಜಿಯಕ್ಕನ ಮುಖ ಅರಳಿತು. ಆಸ್ಪತ್ರೆಯವರು ಬೇಡವೆಂದು ಬಿಟ್ಟ ಹಳೇ ಹಾಸುಗಳನ್ನು ಕತ್ತರಿಸಿ, ಅಳತೆ ಹಿಡಿದು, ಕಿವಿಯ ಹಿಂದಿನಿಂದ ಬಾಲದವರೆಗೆ ಬರುವ ಎರಡು ಹೊದಿಕೆ ಹೊಲಿದಳು. ಒಂದು ಮೈಮೇಲೆ, ಒಂದು ಒಗೆಯಲು. ಹೊದಿಸಿದ ಮೊದಲ ಸಂಜೆಯೇ ಬೀದಿಯ ಮಕ್ಕಳು ಕಾಂಪೌಂಡಿನ ಮೇಲೆ ಹತ್ತಿ ಕೂತರು. ತಮ್ಮನೂ ನಗು ತಡೆಯಲಾರದೆ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರೆ, ಇವಳಿಗೆ ಜುಟ್ಟೇ ಇಲ್ವಲ್ಲ ಅಕ್ಕ," ಎಂದ.

ಎರಡು ದಿನ ಎಂದದ್ದು ಮೂರು ವಾರವಾಯಿತು. ಸವಾರಿ ತಾತನಿಗೆ ಎರಡನೇ ಆಪರೇಷನ್ ಆಯಿತು. ಬಟ್ಟೆ ಕೊಡಲು ಹೋದಾಗಲೆಲ್ಲ ಗಂಜಿಯಕ್ಕ ಅವನ ಮಂಚದ ಬಳಿ ನಿಂತು ಕುಳ್ಳಿಯ ಸುದ್ದಿ ಹೇಳಿ ಬರುತ್ತಿದ್ದಳು. ಆ ವಾರ ಹೋದಾಗ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಊಟದ ತಟ್ಟೆ ಮುಟ್ಟಿರಲಿಲ್ಲ. ಅಂಥ ಪ್ರಾಣಿಯನ್ನು ಯಾರು ಸಾಕುತ್ತಾರೆ, ಯಾವತ್ತೋ ಸಾಗಿಸಿರುತ್ತಾರೆ, ನಿಮಗೆ ಹೇಳುತ್ತಿಲ್ಲ ಅಷ್ಟೆ ಎಂದು ಪಕ್ಕದ ಮಂಚದವನು ಹೇಳಿದ್ದನಂತೆ. ನಾಲ್ಕು ದಿನದಿಂದ ಹೀಗೇ, ಇನ್ನೆರಡು ದಿನ ತಿನ್ನದಿದ್ದರೆ ಕಷ್ಟ ಎಂದು ನರ್ಸು ಮೆಲ್ಲಗೆ ಹೇಳಿದಳು.

ಗಂಜಿಯಕ್ಕ ಅವನ ಹಾಸಿಗೆಯ ಮೇಲುಹಾಸು ಎಳೆದು ಸರಿಮಾಡುತ್ತಾ, "ಕೂದಲು ಬಂದಿದೆ ಅಣ್ಣ. ಕತ್ತು ತುಂಬ ಬಂದಿದೆ. ಮೈಮೇಲೆ ಒಂದು ಗಾಯ ಇಲ್ಲ ಈಗ," ಎಂದಳು.

ಒಂದು ಎಳೆ ಕೂದಲೂ ಬಂದಿರಲಿಲ್ಲ. ಆದರೆ ಅವನು ಈ ಕಡೆ ತಿರುಗಿದ. ಅವಳನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಟ್ಟೆ ಎಳೆದುಕೊಂಡ.

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಮನೆಗೆ ಬರುವ ದಾರಿಯುದ್ದಕ್ಕೂ, ಹೇಳಿದ್ದನ್ನು ಅವನು ವಾಪಸ್ಸು ಬರುವುದರೊಳಗೆ ನಿಜ ಮಾಡಿಬಿಡಬೇಕು ಎಂದು ಲೆಕ್ಕ ಹಾಕುತ್ತಾ ಬಂದಳು. ಒಂದು ಸಮಾಧಾನವಿತ್ತು. ನಾಲ್ಕು ದಿನದಿಂದ ಕುಳ್ಳಿ ಕಂಬಕ್ಕೆ ತಿಕ್ಕಿಕೊಳ್ಳದೆ, ಅಲ್ಲಾಡದೆ, ತಲೆ ತಗ್ಗಿಸಿ ಸುಮ್ಮನೆ ನಿಂತಿರುತ್ತಿತ್ತು. ತುರಿಕೆ ಇಳಿದಿದೆ ಎಂದುಕೊಂಡಿದ್ದಳು.

ಆ ನಾಲ್ಕು ದಿನ ಅಂಚನ್ನಷ್ಟೇ ಮಡಚಿ ಕತ್ತಿಗೆ ಮುಲಾಮು ಹಚ್ಚುತ್ತಿದ್ದಳೇ ಹೊರತು ಹೊದಿಕೆಯನ್ನು ಪೂರ್ತಿ ತೆಗೆದಿರಲಿಲ್ಲ. ಅಂದು ಸಂಜೆ ಹೊದಿಕೆ ಬದಲಿಸಲು ಹೋದರೆ ಬಟ್ಟೆ ಭುಜಕ್ಕೆ ಅಂಟಿಕೊಂಡಿತ್ತು, ಎಳೆದರೆ ಬರಲಿಲ್ಲ. ನೀರು ಹಾಕಿ ನೆನೆಸಿ ಬಿಡಿಸಿದಳು. ಎರಡೂ ಭುಜದ ಮೇಲೆ ಅಂಗೈ ಅಗಲ ಚರ್ಮ ಕಿತ್ತು ಕೆಂಪಗೆ ಕಾಣುತ್ತಿತ್ತು. ಹೊದಿಕೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. ರಟ್ಟಿನ ಹಾಗೆ ಗಡುಸಾಗಿತ್ತು. ಮೊದಲೆರಡು ವಾರ ಹೊದಿಕೆಗಳನ್ನು ತಮ್ಮ ಒಗೆದು ಹಾಗೆಯೇ ಹಿಂಡಿ ಹಾಕಿದ್ದ. ನಾಲ್ಕು ದಿನದ ಹಿಂದೆ ಆ ಸುಕ್ಕು ನೋಡಲಾರದೆ ಅವಳೇ ತೆಗೆದುಕೊಂಡು ಒಗೆದಿದ್ದಳು. ಒಗೆದ ಕೈ ತನ್ನಷ್ಟಕ್ಕೆ ತಾನೇ ಗಂಜಿಯ ಬಕೆಟ್ಟಿಗೆ ಹೋಗಿತ್ತು. ಆಮೇಲೆ ಇಸ್ತ್ರಿಯೂ ಹಾಕಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಕುಳ್ಳಿ ಅಲ್ಲಾಡದೆ ನಿಂತದ್ದು ಹಾಯಾಗಿ ಅಲ್ಲ, ಅಲ್ಲಾಡಿದರೆ ನೋಯುತ್ತಿತ್ತು ಅಂತ.

ಗಂಜಿಯಕ್ಕ ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತಳು. ಅವಳು ಅತ್ತದ್ದನ್ನು ತಮ್ಮ ನೋಡಿದ್ದು ಬಹಳ ವರ್ಷಗಳ ಮೇಲೆ. ಅವನು ಗಂಜಿಯ ಬಕೆಟ್ಟನ್ನು ಎತ್ತಿಕೊಂಡು ಒಳಗೆ ಹೋದ.

ಡಾಕ್ಟರಮ್ಮ ಬಯ್ಯಲಿಲ್ಲ. ಗಾಯಕ್ಕೆ ಔಷಧಿ ಕೊಟ್ಟು, "ವಾಸಿಯಾಗತ್ತಮ್ಮ. ಆದ್ರೆ ಇಲ್ಲಿ ಬರೋ ಕೂದಲು ಬೆಳ್ಳಗೆ ಬರತ್ತೆ. ಕುದುರೆಗಳ ಮೈಯೇ ಹಾಗೆ," ಎಂದರು.

ಅಲ್ಲಿಂದಾಚೆ ಗಂಜಿಯಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಹೊದಿಕೆಯನ್ನು ಮೂರು ನೀರಿನಲ್ಲಿ ಜಾಲಿಸಿ, ಒಣಗಿದ ಮೇಲೆ ಮೆತ್ತಗಾಗಲೆಂದು ಕೈಯಲ್ಲೇ ಹಿಸುಕುತ್ತಿದ್ದಳು. ಮೊದಲು ತನ್ನ ಕೆನ್ನೆಗೆ ಒತ್ತಿ ನೋಡಿ ಆಮೇಲೆ ಕುಳ್ಳಿಗೆ ಹೊದಿಸುತ್ತಿದ್ದಳು. ಸಂಜೆ ಶೆಡ್ಡಿನ ಬಾಗಿಲಿಗೆ ಒಂದು ತೆಳುಪರದೆ ಕಟ್ಟಿದಳು. ಹಕ್ಕಳೆ ಒಂದೊಂದಾಗಿ ಉದುರಿತು. ಕತ್ತಿನ ಮಡಿಕೆ ಇಳಿಯಿತು. ಎರಡು ತಿಂಗಳಿಗೆ ಕತ್ತಿನ ಮೇಲೆ ಹಲ್ಲುಜ್ಜುವ ಬ್ರಷ್ಷಿನ ಹಾಗೆ ಕೂದಲು ನೆಟ್ಟಗೆ ಎದ್ದಿತು. ಅವಳಿಗೆ ಆದ ಸಂತೋಷವನ್ನು ಯಾವ ಬಿಳಿ ಕೋಟೂ ಕೊಟ್ಟಿರಲಿಲ್ಲ. ಭುಜಗಳ ಮೇಲೂ ಕೂದಲು ಬಂತು. ಎರಡು ಕಡೆ, ಅಂಗೈ ಅಗಲ, ಬೆಳ್ಳಗೆ.

ಮೂವತ್ತು ವರ್ಷ ಬಿಳುಪಿಗಾಗಿ ಬೆವರು ಸುರಿಸಿದವಳು ಆ ಬಿಳುಪನ್ನು ನೋಡಲಾರದೆ ಮುಖ ತಿರುಗಿಸುತ್ತಿದ್ದಳು.

ಸವಾರಿ ತಾತ ಬಿಡುಗಡೆಯಾಗುವ ದಿನ ಬೆಳಿಗ್ಗೆ ಅವಳು ಬಟ್ಟೆಗೆ ಹಾಕುವ ಕಂದು ಬಣ್ಣವನ್ನು ಬೋಗುಣಿಯಲ್ಲಿ ಕಲಸಿದಳು. ಬಣ್ಣ ಸರಿಹೊಂದಿಸುವುದು ಅವಳಿಗೆ ಎಡಗೈ ಕೆಲಸ. ಕುಳ್ಳಿಯ ಮೈಯ ಬಣ್ಣವೇ ಬೋಗುಣಿಗೆ ಇಳಿದು ಬಂದಂತಿತ್ತು. ಬ್ರಷ್ಷು ಅದ್ದಿ ಭುಜದ ಬಳಿ ಹಿಡಿದಳು. ಕುಳ್ಳಿ ಆ ವಾಸನೆಗೆ ಮೂಗು ಅರಳಿಸಿ ಒಂದು ಹೆಜ್ಜೆ ಹಿಂದೆ ಸರಿಯಿತು, ಅಷ್ಟೆ. ಅವಳ ಕೈ ನಿಂತಿತು. ಈಗ ತಾನೇ ಕೂಡಿಕೊಂಡ ಚರ್ಮ ಅದು. ತನ್ನ ಮಾನ ಉಳಿಸಿಕೊಳ್ಳಲು ಅದರ ಮೇಲೆ ಇನ್ನೊಂದು ಬಳಿಯುವುದೇ? ಬೋಗುಣಿಯನ್ನು ಚರಂಡಿಗೆ ಸುರಿದು, ಕಂದು ನೀರು ಪೂರ್ತಿ ಹೋಗುವವರೆಗೆ ನಿಂತು ನೋಡಿದಳು.

ಸಂಜೆ ತಮ್ಮನೇ ತಾತನನ್ನು ಕರೆದುಕೊಂಡು ಬಂದ. ಎರಡು ಊರುಗೋಲು, ಅರ್ಧಕ್ಕಿಳಿದ ಮೈ. ಕುಳ್ಳಿ ದೂರದಿಂದಲೇ ಕೆನೆದು, ಹತ್ತಿರ ಬಂದೊಡನೆ ಅವನ ಜೇಬಿಗೆ ಮೂಗು ತೂರಿಸಿತು. ಅವನು ಅದರ ಕತ್ತಿನ ಗಿಡ್ಡ ಕೂದಲ ಮೇಲೆ ಕೈಯಾಡಿಸಿದ, ಬಾಲ ಎತ್ತಿ ನೋಡಿದ, ಕಣ್ಣು ಒರೆಸಿಕೊಂಡ. ಆಮೇಲೆ ಅವನ ಕೈ ಭುಜಕ್ಕೆ ಬಂದು ಅಲ್ಲೇ ನಿಂತಿತು.

"ಅದು ನಾನು ಮಾಡಿದ್ದು," ಎಂದಳು ಗಂಜಿಯಕ್ಕ. "ಹೊದಿಕೆಗೆ ಗಂಜಿ ಹಾಕಿಬಿಟ್ಟೆ. ಚರ್ಮ ಕಿತ್ತು ಬಂತು. ಅವತ್ತು ನಿಮಗೆ ಕೂದಲು ಬಂದಿದೆ ಅಂದೆನಲ್ಲ, ಅದೂ ಸುಳ್ಳು."

"ಅದು ಅವತ್ತೇ ಗೊತ್ತಿತ್ತು ತಂಗಿ. ಇವಳ ಮೈ ನಂಗೊತ್ತಿಲ್ವಾ? ಮೂರು ವಾರಕ್ಕೆಲ್ಲ ಕೂದಲು ಬರೋ ಮೈ ಅಲ್ಲ ಇದು. ನೀನು ನನ್ನ ಮುಖ ನೋಡದೆ ಹಾಸಿಗೆ ಎಳೀತಾ ಇದ್ದೆ."

"ಮತ್ತೆ ಊಟ ಯಾಕೆ ಮಾಡಿದ್ರಿ?" ಎಂದಳು.

ಅವನು ಕುಳ್ಳಿಯ ಬೆನ್ನಿಗೆ ಒರಗಿಕೊಂಡ. "ಇವಳನ್ನ ಸಾಗಿಸಿಬಿಟ್ಟಿದ್ರೆ, ಸತ್ತೋಯ್ತು ಅಣ್ಣ ಅಂತ ನೀನು ಒಂದೇ ಮಾತಲ್ಲಿ ಮುಗಿಸ್ತಿದ್ದೆ. ಕೂದಲಿನ ಬಗ್ಗೆ ಸುಳ್ಳು ಹೇಳ್ತಿದೀಯ ಅಂದ್ರೆ ಇವಳಿನ್ನೂ ನಿನ್ನ ಹತ್ರ ಇದಾಳೆ ಅಂತ ಅರ್ಥ ಆಯ್ತು. ಅಷ್ಟು ಸಾಕಿತ್ತು ನಂಗೆ."

ಗಂಜಿಯಕ್ಕ ಮೊದಲ ಸಲ ಆ ಬಿಳಿ ಕೂದಲ ಮೇಲೆ ಕೈ ಇಟ್ಟಳು. ಉಳಿದ ಕೂದಲಿನ ಹಾಗೆಯೇ ಮೆತ್ತಗಿತ್ತು. ಅಷ್ಟರಲ್ಲಿ ನೊರಜು ಏಳುವ ಹೊತ್ತಾಯಿತು. ಅವಳು ತಂತಿಯ ಮೇಲಿದ್ದ ಹೊದಿಕೆ ತಂದು, ಅಭ್ಯಾಸದಂತೆ ಕೆನ್ನೆಗೆ ಒತ್ತಿ ನೋಡಿದಳು. ತೊಳೆದು ತೊಳೆದು ತೆಳುವಾಗಿ, ಸುಕ್ಕುಸುಕ್ಕಾಗಿತ್ತು. ಒಂದು ಅಂಚನ್ನು ತಾತನ ಕೈಗೆ ಕೊಟ್ಟಳು, ಇಬ್ಬರೂ ಸೇರಿ ಹೊದಿಸಿದರು.