ಸುಬೇದಾರರ ಬೆನ್ನಿಗೆ ಹತ್ತಿದ ಮೀಸೆ

ನೀವು ನಂಬುವುದಿಲ್ಲ, ಬೇಕಾದರೆ ಬಾಜಿ ಕಟ್ಟಿ. ಎಪ್ಪತ್ತರ ದಶಕದಲ್ಲಿ ವಿಜಯನಗರದ ನಮ್ಮ ಬೀದಿಯಲ್ಲಿ ನನ್ನಷ್ಟು ನೀಟಾಗಿ ಸಿನಿಮಾ ಪೋಸ್ಟರ್ ಅಂಟಿಸುವವನು ಇನ್ನೊಬ್ಬನಿರಲಿಲ್ಲ. ನನಗದು ಕಸುಬಲ್ಲ, ಚೇಷ್ಟೆ. ಟಾಕೀಸಿನ ಪೋಸ್ಟರಿನವನಿಗೆ ಟೀ ಕುಡಿಸಿದರೆ ಮಿಕ್ಕಿದ್ದನ್ನು ಕೊಡುತ್ತಿದ್ದ. ಗುಟ್ಟನ್ನೂ ಅವನೇ ಕಲಿಸಿದ: ಮೈದಾ ಅಂಟನ್ನು ಗೋಡೆಗೆ ಬಳಿದರೆ ಸಾಲದು, ಅಂಟಿಸಿದ ಮೇಲೆ ಚಿತ್ರದ ಮೇಲೂ ಒಂದು ಕೈ ಬಳಿಯಬೇಕು. ಹೊಸದಾಗಿ ಮದುವೆಯಾದವರ ಬಾಗಿಲಿಗೆ ‘ದಿನಾ ಮೂರು ಆಟ’ ಚೀಟಿ ಅಂಟಿಸಿದ ಮಹಾನುಭಾವ ನಾನೇ. ಅದಕ್ಕೆ ನಾಚಿಕೆಯಿಲ್ಲ. ನಾಚಿಕೆ ಇದಕ್ಕೆ.

ಒಂದು ಸಲ ಮಿಲಿಟರಿಯನ್ನು ಗೇಲಿ ಮಾಡುವ ಇಂಗ್ಲಿಷ್ ಕಾಮಿಡಿ ಚಿತ್ರದ ಪೋಸ್ಟರ್ ಸಿಕ್ಕಿತು. ಎದೆ ತುಂಬ ಮೆಡಲು, ಕೆಳಗೆ ಬರೀ ಚಡ್ಡಿ ಹಾಕಿದ ಜನರಲ್ ಮರದ ಕುದುರೆಯ ಮೇಲೆ ಕುಳಿತು ಸೆಲ್ಯೂಟ್ ಹೊಡೆಯುತ್ತಿದ್ದ. ಅವನ ಗಿರಿಜಾ ಮೀಸೆ ಥೇಟ್ ನಮ್ಮ ಬೀದಿಯ ಸುಬೇದಾರರದೇ. ಯುದ್ಧದಲ್ಲಿ ಮೊಣಕಾಲಿಗೆ ಗುಂಡು ತಗಲಿ ರಿಟೈರಾಗಿ ಬಂದವರು ಅವರು. ಭಾನುವಾರ ಮಧ್ಯಾಹ್ನ ಬೀದಿಯೆಲ್ಲ ಉಂಡು ಮಲಗಿದ್ದಾಗ ಅವರ ಗೇಟಿನ ಪಕ್ಕದ ಕಾಂಪೌಂಡಿಗೆ ಅದನ್ನು ಅಂಟಿಸಿ, ತಮಾಷೆ ನೋಡಲು ಎದುರು ಕಟ್ಟೆಯ ಮೇಲೆ ಕುಳಿತೆ.

ಸುಬೇದಾರರು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಹೊರಗೆ ಬಂದರು. ನೋಡಿದರು. ಉಗುರಿನಿಂದ ಕೆರೆದರು, ಬರಲಿಲ್ಲ. ನನ್ನನ್ನು ಕರೆದರು.

“ಯಾರು ಅಂಟಿಸಿದ್ದು ಕಣೋ ಇದು?”

“ಗೊತ್ತಿಲ್ಲ ಸಾರ್, ಈಗ ತಾನೇ ಬಂದೆ.”

“ಮಗಳನ್ನ ನೋಡಕ್ಕೆ ಬರ್ತಾ ಇದಾರಪ್ಪ. ಮಿಲಿಟರಿಯೋನು, ಕುಡೀತಾನೆ ಅಂತ ಎರಡು ಸಂಬಂಧ ಆಗ್ಲೇ ತಪ್ಪೋಯ್ತು. ಇದನ್ನ ನೋಡಿದ್ರೆ ಇದೂ ಹೋಯ್ತು.”

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಟ್ಯಾಕ್ಸಿ ಕಾಣಿಸಿತು. ಅವರು ಪೋಸ್ಟರಿಗೆ ಬೆನ್ನು ಒತ್ತಿ ನಿಂತರು. “ನೀನು ಒಳಗೆ ಕರ್ಕೊಂಡ್ಹೋಗಿ ಕೂರ್ಸು. ಆಮೇಲೆ ನಾನು ಬರ್ತೀನಿ.”

ಮನೆಯವನ ಹಾಗೆ ನಾನೇ ಗಂಡಿನ ಕಡೆಯವರನ್ನು ಕೂರಿಸಿದೆ. ಸುಬೇದಾರರು ಕೊನೆಗೆ ಬಂದರು, ಗೋಡೆಗೆ ಬೆನ್ನು ಕೊಟ್ಟು, ಪಕ್ಕಪಕ್ಕಕ್ಕೆ ಸರಿಯುತ್ತ. ಅವರ ಶರ್ಟಿನ ಬೆನ್ನಿಗೆ ಹಸಿ ಅಂಟಿನ ಜೊತೆ ಜನರಲ್‌ನ ಮೀಸೆಯ ಕಪ್ಪು ಅಚ್ಚೂ ಹತ್ತಿಕೊಂಡಿದ್ದು ನನಗೊಬ್ಬನಿಗೇ ಕಂಡಿತು. ಹುಡುಗಿ ಬಂದು ಕೂತಳು, ಉಪ್ಪಿಟ್ಟು ಬಂತು, ಕಾಫಿ ಬಂತು. ಮುಕ್ಕಾಲು ಗಂಟೆ ಆ ಮನುಷ್ಯ ಗುಂಡು ತಿಂದ ಕಾಲಿನ ಮೇಲೆ ನಿಂತೇ ಇದ್ದರು. ಹಣೆಯಲ್ಲಿ ಬೆವರು.

“ಕೂತ್ಕೊಳಿ ಸಾರ್,” ಎಂದರು ಹುಡುಗನ ತಂದೆ.

“ಪರ್ವಾಗಿಲ್ಲ, ಅಭ್ಯಾಸ.”

“ನೋಡೋ, ಶಿಸ್ತು ಅಂದ್ರೆ ಇದು,” ಎಂದು ಅವರು ಮಗನಿಗೆ ತೋರಿಸಿದರು. ಬಂದವರು ಹೊರಡುವಾಗ ಎಲ್ಲರಿಗಿಂತ ಮುಂಚೆ, ಹಿಂದಕ್ಕೆ ನಡೆಯುತ್ತಲೇ ಹೋಗಿ, ಸುಬೇದಾರರು ಮತ್ತೆ ಪೋಸ್ಟರಿಗೆ ಬೆನ್ನು ಕೊಟ್ಟು ಕೈ ಮುಗಿದರು. ಹುಡುಗಿ ಒಪ್ಪಿಗೆಯಾಗಿದ್ದಳು.

ಟ್ಯಾಕ್ಸಿ ಹೋದ ಮೇಲೆ ಅವರು ನನ್ನ ಭುಜ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದು ಕುಳಿತರು. “ನೀನಿದ್ದಿದ್ದಕ್ಕೆ ಬಚಾವಾದೆ ಕಣೋ.”

ಬಿಸಿನೀರು ಹೊಯ್ದು ಪೋಸ್ಟರನ್ನು ಕೆರೆದು ತೆಗೆದೆ. ನನ್ನದೇ ಕೈಗೆಲಸ ಬಿಡಿಸಲು ನನಗೇ ಸಾಕುಬೇಕಾಯಿತು. ಮಾರನೆಯ ದಿನ ಹೋಗಿ “ಅಂಟಿಸಿದ್ದು ನಾನೇ ಸಾರ್” ಅಂದೆ. ಅವರು ನನ್ನ ಕಿವಿ ಹಿಂಡಿ ನಕ್ಕುಬಿಟ್ಟರು.

ಇಷ್ಟು ಹೊತ್ತು ಹೇಳಿದ್ದರಲ್ಲಿ ನಾನು ಕಟ್ಟಿದ ಸುಳ್ಳು ಈ ಮಾರನೆಯ ದಿನವೊಂದೇ. ನಾನು ಹೋಗಲಿಲ್ಲ, ಹೇಳಲೂ ಇಲ್ಲ. ಮದುವೆಯಲ್ಲಿ ಸುಬೇದಾರರು ನನ್ನನ್ನು ಬೀಗರ ಪಂಕ್ತಿಯಲ್ಲಿ ಕೂರಿಸಿ, ಕುಂಟುತ್ತ ಬಂದು, ತಾವೇ ಒಬ್ಬಟ್ಟು ಬಡಿಸಿದರು. ತಿಂದೆ.